ಮನೆಗಳ ನಡುವಿನ ಕೆರೆ: ನೀರಿನ ಮಟ್ಟ ಕಾಯುವುದು, ಕಳೆ ತೆಗೆಯುವುದು ಹೇಗೆ?

ಕಾಸರಗೋಡಿನ ಒಳನಾಡಿನಲ್ಲಿ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ, ನಾಲ್ಕೈದು ಮನೆಗಳ ಮಧ್ಯೆ ಒಂದು ಕೆರೆ ಇರುವುದು ಸಾಮಾನ್ಯ. ಮೊದಲು ಒಂದೇ ಕುಟುಂಬದ್ದಾಗಿತ್ತು. ಪಾಲಾಯಿತು, ಒಂದೆರಡು ಜಾಗ ಮಾರಾಟವೂ ಆಯಿತು. ಈಗ ಅಣ್ಣನ ಮನೆ ಆಚೆ ದಂಡೆಯಲ್ಲಿ, ಹೊಸದಾಗಿ ಬಂದವರ ಮನೆ ಈಚೆ ದಂಡೆಯಲ್ಲಿ. ನಡುವೆ ಎಲ್ಲರಿಗೂ ಬೇಕಾದ, ಯಾರೂ ಇಳಿಯದ ಕೆರೆ. ಕೆಲವು ಕಡೆ ಅದು ಗುಡ್ಡದ ಬುಡದ ಮದಕ, ಇನ್ನು ಕೆಲವು ಕಡೆ ಪಾರೆಯ ಮೇಲಿನ ಪಳ್ಳ. ಆಟಿಯ ಜೋರು ಮಳೆಯಲ್ಲಿ ದಂಡೆ ಒಡೆದೀತು ಎಂಬ ಹೆದರಿಕೆ, ಮಾರ್ಚಿನಲ್ಲಿ ತಳ ಕಂಡೀತು ಎಂಬ ಚಿಂತೆ, ವರ್ಷವಿಡೀ ಪಾಯಲ್, ಅಂದರೆ ನೀರಿನ ಕಳೆ. ಇದು ಎಲ್ಲ ಕಡೆಯದ್ದೂ ಹೌದು.

ಹೆಚ್ಚಿನವರು ನೀರಿನ ಮಟ್ಟವನ್ನು ಒಂದು ತಲೆನೋವು, ಕಳೆಯನ್ನು ಇನ್ನೊಂದು ತಲೆನೋವು ಅಂತ ಬೇರೆ ಬೇರೆ ನೋಡುತ್ತಾರೆ. ಅಲ್ಲೇ ಕೆಲಸ ಕೆಡುವುದು. ನೀರು ತಗ್ಗಿದರೆ ಬಿಸಿಲು ತಳಕ್ಕೆ ಮುಟ್ಟುತ್ತದೆ, ತಳದ ಕಳೆ ಚಿಗುರುತ್ತದೆ. ಮೇಲೆ ತೇಲುವ ಕಳೆ ಜಾಸ್ತಿಯಾದರೆ ಅದು ಮೊದಲ ದೊಡ್ಡ ಮಳೆಗೆ ಬಂದು ಕೋಡಿಯ ಬಾಯಿ ಮುಚ್ಚುತ್ತದೆ, ನೀರು ದಂಡೆ ಹತ್ತುತ್ತದೆ. ಸತ್ತ ಕಳೆ ಹೂಳಾಗುತ್ತದೆ, ಹೂಳು ತುಂಬಿದ ಕೆರೆ ಬೇಗ ಒಣಗುತ್ತದೆ. ಹಾಗಾಗಿ ಈ ಎರಡೂ ಕೆಲಸವನ್ನು ಒಂದೇ ಕ್ಯಾಲೆಂಡರಿಗೆ ಹಾಕಬೇಕು.

ಮೊದಲು ಕೆರೆ ಯಾರದ್ದು ಅಂತ ನೋಡಿ

ಪಾಲುಪತ್ರ, ಆಧಾರಪತ್ರ ತೆಗೆದು ಓದಿ. ಕೆರೆ ಯಾರ ಸರ್ವೆ ನಂಬರಿನಲ್ಲಿದೆ, ನೀರಿನ ಹಕ್ಕು ಯಾರಿಗೆಲ್ಲ ಬರೆದಿದ್ದಾರೆ ಅನ್ನುವುದು ಗೊತ್ತಿರಲಿ. ಸಾರ್ವಜನಿಕ ಕೆರೆಯಾದರೆ ಅದು ಪಂಚಾಯತಿಯ ವಶದಲ್ಲಿರುತ್ತದೆ. ಅನುಮತಿ ಇಲ್ಲದೆ ಜೆಸಿಬಿ ಇಳಿಸುವ ಹಾಗಿಲ್ಲ. ಆದರೆ ಅದರಲ್ಲಿ ಒಂದು ಅನುಕೂಲವೂ ಇದೆ. ಹೂಳು ತೆಗೆಯುವ ಕೆಲಸವನ್ನು ತೊಳಿಲುರಪ್ಪಿನಲ್ಲಿ, ಅಂದರೆ ಉದ್ಯೋಗ ಖಾತರಿಯಲ್ಲಿ, ಸೇರಿಸಲು ವಾರ್ಡ್ ಮೆಂಬರ ಹತ್ತಿರ ಕೇಳಬಹುದು. ಅರ್ಜಿ ಮಲಯಾಳದಲ್ಲೇ ಇರಬೇಕೆಂದು ಹಿಂಜರಿಯಬೇಡಿ, ಕಾಸರಗೋಡು ಭಾಷಾ ಅಲ್ಪಸಂಖ್ಯಾತ ಪ್ರದೇಶ, ಕನ್ನಡದಲ್ಲಿ ಬರೆದುಕೊಡಿ. ಕೆರೆಯ ಮೂಲೆಗೆ ಮಣ್ಣು ಹಾಕಿ ಅಂಗಳ ದೊಡ್ಡದು ಮಾಡುವ ಆಲೋಚನೆ ಯಾರಿಗಾದರೂ ಇದ್ದರೆ, ಕೇರಳದಲ್ಲಿ ಗದ್ದೆ ಮತ್ತು ಜೌಗು ಜಾಗ ತುಂಬಿಸುವುದರ ವಿರುದ್ಧ 2008ರ ಕಾಯ್ದೆಯೇ ಇದೆ ಅನ್ನುವುದನ್ನು ಮೊದಲೇ ಹೇಳಿಬಿಡಿ.

ಆಮೇಲೆ ಎಲ್ಲ ಮನೆಯವರೂ ಒಂದು ಸಂಜೆ ಕೂತು ಎರಡೇ ವಿಷಯ ಮಾತಾಡಿ: ಬೇಸಿಗೆಯಲ್ಲಿ ಪಂಪು ಎಲ್ಲಿಗೆ ನಿಲ್ಲಿಸುವುದು, ಕಳೆ ತೆಗೆಯುವ ಖರ್ಚು ಹೇಗೆ ಹಂಚುವುದು. ತೋಟಕ್ಕೆ ನೀರು ಎಳೆಯುವವರು ಜಾಸ್ತಿ ಕೊಡುವುದು ನ್ಯಾಯ ಅಂತ ನನ್ನ ಲೆಕ್ಕ. ಕೆರೆಯ ನೀರು ಮುಟ್ಟದೆ ಬಾವಿ ಮಾತ್ರ ಇರುವವರೂ ಸ್ವಲ್ಪ ಕೊಡಬೇಕು, ಯಾಕೆಂದರೆ ತಗ್ಗಿನ ಬಾವಿಗೆ ಒಸರು ಬರುವುದು ಹೆಚ್ಚಾಗಿ ಆ ಕೆರೆಯಿಂದಲೇ.

ಅಳತೆಯ ಕಂಬ

ಸುಮ್ನೆ ಕಣ್ಣಂದಾಜಿನಲ್ಲಿ ‘ಈ ಸಲ ನೀರು ಬೇಗ ಇಳಿದಿದೆ’ ಅಂದರೆ ಜಗಳಕ್ಕೆ ದಾರಿ. ಒಂದು ಸಿಮೆಂಟ್ ಕಂಬ, ಅದಿಲ್ಲದಿದ್ದರೆ ಇಳಿಯುವ ಮೆಟ್ಟಿಲಿನ ಪಕ್ಕದ ಕಲ್ಲಿಗೆ ಬಣ್ಣ ಬಳಿದು ಇಂಚಿನ ಗುರುತು ಹಾಕಿ. ಸೊನ್ನೆ ಕೋಡಿಯ ಹೊಸ್ತಿಲಿನ ಮಟ್ಟಕ್ಕೆ ಸರಿಯಾಗಿರಬೇಕು. ಇದಕ್ಕೆ ಗಾರೆ ಕೆಲಸದವರ ಲೆವೆಲ್ ಪೈಪು ಸಾಕು. ಕೋಡಿಗಿಂತ ಮೇಲಿನದು ಒಂದು ಬಣ್ಣ, ಕೆಳಗಿನದು ಇನ್ನೊಂದು. ವಾರಕ್ಕೊಮ್ಮೆ ಬೆಳಿಗ್ಗೆ ಪಂಪು ಹಾಕುವ ಮುಂಚೆ ನೋಡಿ ಬರೆದಿಡಿ. ಮಕ್ಕಳಿಗೆ ಒಪ್ಪಿಸಿದರೆ ಮರೆಯದೆ ಮಾಡುತ್ತಾರೆ, ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರೆ ತಾರೀಕೂ ಅಲ್ಲೇ ಉಳಿಯುತ್ತದೆ.

ಒಂದು ಸುಲಭ ಲೆಕ್ಕ ನೆನಪಿಡಿ. ಒಂದು ಸೆಂಟ್ಸ್ ಕೆರೆಯಲ್ಲಿ ಒಂದು ಇಂಚು ನೀರು ಅಂದರೆ ಸುಮಾರು 1,000 ಲೀಟರ್. 10 ಸೆಂಟ್ಸ್ ಕೆರೆ ಒಂದು ಇಂಚು ಇಳಿದರೆ 10,000 ಲೀಟರ್ ಹೋಯಿತು. ಇನ್ನು ಮುಂದಿನದೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ.

ಕೋಡಿ: ಇದರಲ್ಲಿ ಜಿಪುಣತನ ಬೇಡ

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಹವಾಮಾನ ಇಲಾಖೆಯ ಕೆಂಪು ಎಚ್ಚರಿಕೆ ಅಂದರೆ ಒಂದೇ ದಿನದಲ್ಲಿ 200 ಮಿ.ಮೀ.ಗಿಂತ ಜಾಸ್ತಿ ಮಳೆಯ ಸಾಧ್ಯತೆ. ನಿಮ್ಮ ಕೆರೆಗೆ ಐದು ಎಕರೆ ಗುಡ್ಡದ ನೀರು ಇಳಿದು ಬರುತ್ತದೆ ಅಂತ ಇಟ್ಟುಕೊಳ್ಳಿ. 200 ಮಿ.ಮೀ. ಮಳೆಯಲ್ಲಿ ಅರ್ಧದಷ್ಟು ಇಂಗಿದರೂ 20 ಲಕ್ಷ ಲೀಟರ್ ಕೆರೆಗೆ ಬರುತ್ತದೆ. 10 ಸೆಂಟ್ಸ್, ಎಂಟು ಅಡಿ ಆಳದ ಕೆರೆ ಹಿಡಿಯುವುದೇ ಸುಮಾರು 10 ಲಕ್ಷ. ಅಂದರೆ ಖಾಲಿ ಕೆರೆ ಕೂಡ ಒಂದೇ ದಿನದಲ್ಲಿ ತುಂಬಿ, ಅಷ್ಟೇ ನೀರನ್ನು ಹೊರಗೆ ಬಿಡಬೇಕು. ಜುಲೈಯಲ್ಲಿ ಅದು ಹೇಗೂ ತುಂಬಿಯೇ ಇರುತ್ತದೆ. ಇಷ್ಟು ನೀರಿಗೆ ನಾಲ್ಕು ಇಂಚಿನ ಪೈಪು ಒಂದು ಇಟ್ಟು ‘ಹೋಗುತ್ತದೆ ಬಿಡಿ’ ಅನ್ನುವವರಿದ್ದಾರೆ!

ಐದು ಎಕರೆಯ ನೀರು ಬರುವ ಕೆರೆಗೆ ಆರೇಳು ಅಡಿ ಅಗಲದ, ತೆರೆದ, ಕಲ್ಲು ಕಟ್ಟಿದ ಕೋಡಿ ಬೇಕು. ಜೋರು ಮಳೆಯಲ್ಲಿ ಅದರ ಮೇಲೆ ಎಂಟು ಇಂಚಿನಷ್ಟು ನೀರು ಹರಿಯಬಹುದು. ದಂಡೆಯ ತಲೆ ಕೋಡಿಯ ಹೊಸ್ತಿಲಿಗಿಂತ ಎರಡು ಅಡಿ ಎತ್ತರ ಇರಲಿ. ಕೋಡಿಯಿಂದ ನೀರು ಬೀಳುವ ಜಾಗಕ್ಕೆ ದೊಡ್ಡ ಕಲ್ಲು ಹಾಸಿ, ಇಲ್ಲದಿದ್ದರೆ ಅದು ಮಣ್ಣು ಕೊರೆದು ಹಿಂದಕ್ಕೆ ಬಂದು ಕೋಡಿಯನ್ನೇ ಬೀಳಿಸುತ್ತದೆ. ನೀರು ಬರುವ ಜಾಗ ಇದಕ್ಕಿಂತ ದೊಡ್ಡದಾಗಿದ್ದರೆ, ಅಥವಾ ಕೆರೆಯ ಕೆಳಗೆ ಯಾರದ್ದಾದರೂ ಮನೆ ಇದ್ದರೆ, ಈ ಅಂದಾಜಿನಲ್ಲಿ ಕಟ್ಟಬೇಡಿ. ಪಂಚಾಯತಿಯ ಓವರ್‌ಸಿಯರಿಗೆ ತೋರಿಸಿ.

ಪತ್ತನಾಜೆಯ ಒಳಗೆ, ಅಂದರೆ ಮೇ ಕೊನೆಯ ವಾರಕ್ಕೆ ಮುಂಚೆ, ಕೋಡಿಯ ಬಾಯಿ ಪೂರ್ತಿ ಬಿಡಿಸಿರಬೇಕು. ಹುಲ್ಲು, ಬಿದ್ದ ಸೋಗೆ, ಹಾಳೆ, ಪ್ಲಾಸ್ಟಿಕ್, ಹಿಂದಿನ ವರ್ಷದ ಮರಳಿನ ಚೀಲ ಎಲ್ಲ ತೆಗೆಯಿರಿ. ಕೋಡಿಗೆ ಹತ್ತಿರವಾಗಿ ಬಲೆ ಕಟ್ಟಬೇಡಿ. ಮೀನು ಹೋಗದಿರಲಿ ಅಂತ ಕಟ್ಟುತ್ತಾರೆ, ಅದಕ್ಕೆ ಕಳೆ ಬಂದು ಮೆತ್ತಿ ಗೋಡೆಯಾಗುತ್ತದೆ. ಬಲೆ ಬೇಕೇ ಬೇಕೆಂದಿದ್ದರೆ ಕೋಡಿಗಿಂತ ಹತ್ತಿಪ್ಪತ್ತು ಅಡಿ ಒಳಗೆ, ಅರ್ಧಚಂದ್ರಾಕಾರದಲ್ಲಿ ಅಗಲವಾಗಿ ಹಾಕಿ, ಮಳೆ ಜೋರಾದಾಗ ದಿನಾ ಕಳೆ ಎಳೆಯಿರಿ.

ದಂಡೆಗೆ ಒಂದು ಸುತ್ತು

ಮಳೆಗಾಲದಲ್ಲಿ ವಾರಕ್ಕೊಮ್ಮೆ ದಂಡೆಯ ಹೊರಬದಿಯಲ್ಲಿ ನಡೆದು ನೋಡಿ. ಒಳಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹೊರಗೆ ತಿಳಿ ನೀರು ಒಸರುತ್ತಿದ್ದರೆ ಅಷ್ಟು ಗಾಬರಿ ಬೇಡ. ಒಸರುವ ನೀರು ಕೆಂಪಾಗಿ, ಕದಡಿ ಬಂದರೆ ದಂಡೆಯ ಒಳಗಿನ ಮಣ್ಣು ತೊಳೆದುಹೋಗುತ್ತಿದೆ ಅಂತ ಅರ್ಥ. ತಕ್ಷಣ ನೀರಿನ ಮಟ್ಟ ಇಳಿಸಬೇಕು, ಕೆಳಗಿನ ಮನೆಯವರಿಗೆ ತಿಳಿಸಬೇಕು. ಏಡಿ, ಹೆಗ್ಗಣದ ಬಿಲ, ಹುತ್ತ, ಕಡಿದ ಮರದ ಸತ್ತ ಬೇರು, ಇವೆಲ್ಲ ನೀರಿಗೆ ದಾರಿ. ದಂಡೆಯ ಮೇಲೆ ತೆಂಗು, ಅಡಿಕೆ ನೆಡುವ ಆಸೆ ಬಿಡಿ. ಲಾವಂಚ ನೆಟ್ಟರೆ ಬೇರು ಆಳಕ್ಕೆ ಹೋಗಿ ಮಣ್ಣು ಹಿಡಿಯುತ್ತದೆ. ಮೊದಲೇ ಕೇದಗೆ ಜಾತಿಯ ಮುಂಡೇವಿನ ಪೊದೆ ಇದ್ದರೆ ಅದನ್ನು ಕಡಿಯಬೇಡಿ.

ನೀರು ಇಳಿಸುವಾಗಲೂ ನಿಧಾನ. ದಿನಕ್ಕೆ ಅರ್ಧ ಅಡಿಗಿಂತ ಜಾಸ್ತಿ ಇಳಿಸಿದರೆ ನೆನೆದ ಒಳದಂಡೆ ಜಾರಿ ಕೆರೆಗೇ ಬೀಳುತ್ತದೆ. ದಂಡೆ ಒಡೆಯುವ ಸ್ಥಿತಿಯಲ್ಲಿ ಮಾತ್ರ ಈ ನಿಯಮ ನೋಡುತ್ತ ಕೂರಬೇಕಾಗಿಲ್ಲ.

ಹಲಗೆ ಹಾಕುವ ಹೊತ್ತು

ಕೋಡಿಯ ಎರಡು ಬದಿಗೂ ಕಾಂಕ್ರೀಟಿನಲ್ಲಿ ಗಾಡಿ, ಅಂದರೆ ಹಲಗೆ ಕೂರುವ ಉದ್ದ ಸೀಳು, ಬಿಟ್ಟು, ಅದರಲ್ಲಿ ಆರು ಇಂಚಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸುವ ವ್ಯವಸ್ಥೆ ಮಾಡಿಕೊಂಡರೆ ನೀರಿನ ಮಟ್ಟ ನಿಮ್ಮ ಕೈಯಲ್ಲಿ. ತೋಡಿಗೆ ಅಡ್ಡ ಕಟ್ಟಿದ ಹಲಗೆಯ ಕಿರು ಅಣೆಕಟ್ಟುಗಳಲ್ಲಿ, ಅಂದರೆ ವಿಸಿಬಿಗಳಲ್ಲಿ, ಇರುವುದೂ ಇದೇ. ಎರಡು ಸಾಲು ಗಾಡಿ ಇದ್ದರೆ ನಡುವೆ ಮಣ್ಣು ತುಂಬಿಸಬಹುದು, ಸೋರುವುದಿಲ್ಲ.

ಜೂನಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಹಲಗೆ ಪೂರ್ತಿ ಹೊರಗೆ. ಅಕ್ಟೋಬರಿನಲ್ಲಿ ಒಂದೊಂದೇ ಇಳಿಸಲು ಶುರು ಮಾಡಿ. ಇಲ್ಲಿ ಆತುರ ಬೇಡ, ತುಲಾ ತಿಂಗಳಿನ ಗುಡುಗು ಮಳೆ ಸಂಜೆ ಎರಡು ಗಂಟೆಯಲ್ಲಿ ಸುರಿದು ಹೋಗುವ ಜಾತಿಯದ್ದು. ಒಂದು ಹಲಗೆ ಹಾಕಿ, ಒಂದು ಮಳೆ ನೋಡಿ, ಆಮೇಲೆ ಇನ್ನೊಂದು. ನವೆಂಬರ್ ಕೊನೆಗೆ ಎಲ್ಲ ಹಲಗೆ ಕೂತಿರಲಿ. ಆಗಲೂ ದಂಡೆಯ ತಲೆಗೆ ಒಂದು ಅಡಿಗಿಂತ ಹೆಚ್ಚು ಜಾಗ ಉಳಿದಿರಬೇಕು. ಹಲಗೆ ಎತ್ತುವುದಿದ್ದರೆ ರಾತ್ರಿ ಎತ್ತಬೇಡಿ, ಕೆಳಗಿನ ಗದ್ದೆಯವರಿಗೆ ಹೇಳದೆ ಎತ್ತಲೇಬೇಡಿ.

ಕೆರೆಯ ಪಕ್ಕದಲ್ಲಿ ತೋಡು ಹರಿಯುತ್ತಿದ್ದರೆ ಡಿಸೆಂಬರಿನಲ್ಲಿ ಅದಕ್ಕೊಂದು ಕಟ್ಟ ಹಾಕಿ. ಏತಡ್ಕದ ಕೃಷಿಕರು ಒಂದೇ ತೋಡಿಗೆ ಸಾಲಾಗಿ ಕಟ್ಟ ಹಾಕುವುದನ್ನು ಇವತ್ತಿಗೂ ಉಳಿಸಿಕೊಂಡಿದ್ದಾರೆ. ತೋಡಿನ ನೀರು ನಿಂತರೆ ಸುತ್ತಲಿನ ಮಣ್ಣಿನ ನೀರು ಮೇಲೆ ಉಳಿಯುತ್ತದೆ, ಕೆರೆಯಿಂದ ಸೋರುವುದು ತಾನಾಗಿ ಕಡಿಮೆಯಾಗುತ್ತದೆ. ಕೆರೆ ಸೋರುತ್ತದೆ ಅಂತ ಸಾವಿರಾರು ರೂಪಾಯಿಯ ಪ್ಲಾಸ್ಟಿಕ್ ಶೀಟಿಗೆ ಹೋಗುವ ಮುಂಚೆ ಈ ಕಟ್ಟವನ್ನು ನೋಡಿ ಅಂತ ನಾನು ಹೇಳುವುದು.

ನೀರು ಎಲ್ಲಿಗೆ ಹೋಗುತ್ತಿದೆ?

ಫೆಬ್ರವರಿ ಮಾರ್ಚಿನ ಬಿಸಿಲಿಗೆ ದಿನಕ್ಕೆ 5 ಮಿ.ಮೀ.ನಷ್ಟು ನೀರು ಆವಿಯಾಗುತ್ತದೆ. ವಾರಕ್ಕೆ ಒಂದೂವರೆ ಇಂಚಿನ ಹತ್ತಿರ. ಕಂಬದಲ್ಲಿ ಇದಕ್ಕಿಂತ ತುಂಬ ಜಾಸ್ತಿ ಇಳಿದಿದ್ದರೆ ಪಂಪಿನಿಂದಲೋ ಸೋರಿಕೆಯಿಂದಲೋ ಹೋಗಿದೆ. ಸೋರಿಕೆ ತಿಳಿಯಲು ಬಕೆಟ್ ಸಾಕು. ಮೆಟ್ಟಿಲ ಮೇಲೆ, ಅರ್ಧ ಮುಳುಗುವ ಹಾಗೆ ಬಕೆಟ್ ಇಟ್ಟು, ಒಳಗೆ ಹೊರಗಿನ ಮಟ್ಟಕ್ಕೇ ನೀರು ತುಂಬಿಸಿ. ಅಲುಗದಂತೆ ಕಲ್ಲು ಹಾಕಿ. ಎರಡು ದಿನ ಯಾರೂ ಪಂಪು ಹಾಕಬಾರದು. ಬಕೆಟಿನಲ್ಲಿ ಇಳಿದದ್ದು ಆವಿಯ ಪಾಲು. ಹೊರಗೆ ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಆ ವ್ಯತ್ಯಾಸ ಸೋರಿಕೆ.

ಮುರಕಲ್ಲಿನ ನೆಲದಲ್ಲಿ ಸ್ವಲ್ಪ ಸೋರುವುದು ಇದ್ದದ್ದೇ. ಅದು ನಷ್ಟವೂ ಅಲ್ಲ, ತಗ್ಗಿನ ಬಾವಿಗೆ ಹೋಗುತ್ತದೆ. ಎರಡು ದಿನಕ್ಕೆ ಇಂಚುಗಟ್ಟಲೆ ಹೋಗುತ್ತಿದ್ದರೆ ಮಾತ್ರ ದಂಡೆಯ ಬಿಲ, ಕೋಡಿಯ ಕಲ್ಲಿನ ಸಂದು, ಹಳೆಯ ಪೈಪಿನ ಸುತ್ತು ಹುಡುಕಿ.

ಪಂಪಿನ ಲೆಕ್ಕ ಇನ್ನೂ ಸುಲಭ. 200 ಲೀಟರಿನ ಡ್ರಮ್ಮು ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. 20 ಸೆಕೆಂಡಾದರೆ ಗಂಟೆಗೆ 36,000 ಲೀಟರ್, ಅಂದರೆ 10 ಸೆಂಟ್ಸ್ ಕೆರೆಯಲ್ಲಿ ಗಂಟೆಗೆ ಮೂರೂವರೆ ಇಂಚು! ಮೂರು ಮನೆಯವರು ದಿನಕ್ಕೊಂದು ಗಂಟೆ ಸ್ಪ್ರಿಂಕ್ಲರ್ ಬಿಟ್ಟರೆ ಏನಾಗುತ್ತದೆ ಅಂತ ನೀವೇ ಗುಣಿಸಿ. ಈ ಲೆಕ್ಕ ಎದುರಿಗೆ ಇಟ್ಟಾಗಲೇ ಡ್ರಿಪ್ಪಿನ ಮಾತು ಯಾರಿಗಾದರೂ ರುಚಿಸುವುದು.

ಕಂಬದಲ್ಲಿ ಒಂದು ಕೆಂಪು ಗೆರೆ ಎಳೆಯಿರಿ. ಕೆರೆಯ ಹೆಚ್ಚಿನ ಭಾಗದಲ್ಲಿ ಮೂರೂವರೆ ಅಡಿ ನೀರು ಉಳಿಯುವ ಮಟ್ಟ ಅದು. ಅಲ್ಲಿಗೆ ತೋಟದ ಪಂಪು ಬಂದ್. ಮೀನು ಉಳಿಯುವುದೂ, ತಳದ ಕಳೆ ಅಂಕೆಯಲ್ಲಿರುವುದೂ ಈ ಗೆರೆಯಿಂದಲೇ.

ಯಾವ ಕಳೆ ಅಂತ ಗುರುತಿಸಿ

ಎಲ್ಲದಕ್ಕೂ ‘ಪಾಯಲ್’ ಅಂದರೆ ಆಗಲಿಲ್ಲ. ಒಂದೊಂದರ ಸ್ವಭಾವ ಬೇರೆ, ಮದ್ದೂ ಬೇರೆ.

ಉಬ್ಬಿದ ತೊಟ್ಟು, ನೇರಳೆ ಹೂವಿನ ಕುಳವಾಳ, ಅಂದರೆ ವಾಟರ್ ಹಯಸಿಂತ್, ತೇಲುತ್ತ ಬೆಳೆಯುತ್ತದೆ. ಒಳ್ಳೆಯ ಗೊಬ್ಬರದ ನೀರಿದ್ದರೆ ಎರಡು ವಾರಕ್ಕೆ ಎರಡರಷ್ಟಾಗುತ್ತದೆ. ಹೂ ಬಿಟ್ಟರೆ ಬೀಜ ಕೆಸರಿಗೆ ಬಿದ್ದು ವರ್ಷಗಟ್ಟಲೆ ಕಾದು ಕೂರುತ್ತದೆ. ಹಾಗಾಗಿ ಹೂವಿಗೆ ಮುಂಚೆ ತೆಗೆಯುವುದು ಮುಖ್ಯ. ಬೇರು ಇಳಿಬಿಟ್ಟ ಎಲೆಕೋಸಿನಂಥ ಅಂತರಗಂಗೆಯೂ ಇದೇ ಗುಂಪಿನದ್ದು.

ಆಫ್ರಿಕನ್ ಪಾಯಲ್ ಅಂದರೆ ಸಾಲ್ವಿನಿಯಾ. ಎಲೆಯ ಮೇಲೆ ಸಣ್ಣ ರೋಮ, ನೀರು ನಿಲ್ಲುವುದಿಲ್ಲ. ಇದು ಕುಳವಾಳಕ್ಕಿಂತ ಚುರುಕು. ಆದರೆ ಬೀಜವೇ ಆಗುವುದಿಲ್ಲ, ತುಂಡಿನಿಂದ ಮಾತ್ರ ಹರಡುತ್ತದೆ. ಅಂದರೆ ಕೊನೆಯ ತುಂಡಿನವರೆಗೆ ಹೆಕ್ಕಿದರೆ ಕೆರೆಯಿಂದ ಇದನ್ನು ಪೂರ್ತಿ ಓಡಿಸಬಹುದು. ಕುಳವಾಳಕ್ಕೆ ಈ ಮಾತು ಹೇಳುವ ಹಾಗಿಲ್ಲ.

ನೀರಿನ ಒಳಗೆ ಬೆಳೆಯುವುದು ಹೈಡ್ರಿಲ್ಲಾ. ಕೆಸರಿನಲ್ಲಿ ಸಣ್ಣ ಗೆಡ್ಡೆ ಇಡುತ್ತದೆ, ಮೇಲೆ ಎಳೆದರೆ ಮತ್ತೆ ಚಿಗುರುತ್ತದೆ. ಇದರ ಜೊತೆ ಈಗ ಮುಳ್ಳನ್ ಪಾಯಲ್, ಅಂದರೆ ಕಬೊಂಬಾ. 2020ರಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಆವಳ ಪಾಂಡಿಯಲ್ಲಿ ತೋಡು ಪೂರ್ತಿ ಗುಲಾಬಿ ಬಣ್ಣವಾಗಿ ಅರಳಿ, ನೋಡಲು ಜನ ಮುಗಿಬಿದ್ದಿದ್ದು ನೆನಪಿರಬಹುದು. ಅದೇ ಗಿಡ. ಚಂದ ಇದೆ ಅಂತ ಒಂದು ಗೆಲ್ಲು ತಂದು ಕೆರೆಗೆ ಬಿಟ್ಟರೆ ಮುಗಿಯಿತು. ಮೀನಿನ ಗಾಜಿನ ತೊಟ್ಟಿಯ ನೀರು, ಗಿಡ ಕೆರೆಗೆ ಚೆಲ್ಲದಂತೆ ಮಕ್ಕಳಿಗೆ ಹೇಳಿಡಿ.

ನೈದಿಲೆ, ತಾವರೆ, ದಂಡೆಯ ಜೊಂಡು ಕಳೆಯಲ್ಲ, ಜಾಸ್ತಿಯಾದರೆ ಮಾತ್ರ ಕಳೆ. ಕೆರೆಯ ನಾಲ್ಕನೇ ಒಂದು ಭಾಗದಷ್ಟು ಇವು ಇರಲಿ. ಮೀನಿನ ಮರಿಗೆ ಮರೆ ಬೇಕು. ಎಲ್ಲ ಬೋಳಿಸಿದರೆ ಖಾಲಿ ಬಿದ್ದ ಬೆಳಕು, ಗೊಬ್ಬರ ಎರಡೂ ಪಾಚಿಗೆ ಸಿಕ್ಕಿ ನೀರು ಹಸಿರು ಗಂಜಿಯಾಗುತ್ತದೆ.

ತೆಗೆಯುವ ಕ್ರಮ

ತೇಲುವ ಕಳೆಗೆ ಎರಡು ಸುತ್ತು. ಮೊದಲನೆಯದು ನವೆಂಬರ್ ಡಿಸೆಂಬರಿನಲ್ಲಿ, ಮಳೆ ನಿಂತು ಬಿಸಿಲು ಏರುವ ಮುಂಚೆ. ಎರಡನೆಯದು ಏಪ್ರಿಲ್ ಮೇಯಲ್ಲಿ, ನೀರು ಕಡಿಮೆ ಇದ್ದು ಕಳೆ ಒಂದೇ ಕಡೆ ಒತ್ತಿಕೊಂಡಿರುವಾಗ. ಮಳೆಗಾಲದ ಮಧ್ಯೆ ತೆಗೆಯಬೇಡಿ, ತುಂಡುಗಳು ಕೋಡಿ ದಾಟಿ ಕೆಳಗಿನವರ ಕೆರೆ ಸೇರುತ್ತವೆ.

ಮೊದಲು ತೂಕದ ಅಂದಾಜು ಇರಲಿ. ಬಲಿತ ಕುಳವಾಳ ಚದರ ಮೀಟರಿಗೆ 20ರಿಂದ 40 ಕಿಲೋ ತೂಗುತ್ತದೆ, ಅದರಲ್ಲಿ ಶೇ. 90ಕ್ಕೂ ಜಾಸ್ತಿ ನೀರೇ. 10 ಸೆಂಟ್ಸ್ ಕೆರೆ ಪೂರ್ತಿ ಮುಚ್ಚಿದ್ದರೆ 8ರಿಂದ 16 ಟನ್! ಇಬ್ಬರು ಆಳು ಒಂದು ಬೆಳಿಗ್ಗೆ ಮುಗಿಸುವ ಕೆಲಸ ಅಲ್ಲ.

1. ಕೋಡಿಗೆ ಮತ್ತು ನೀರು ಹೊರಹೋಗುವ ಪೈಪಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ. ಕೆಲಸ ಮುಗಿದ ದಿನವೇ ಬಿಚ್ಚಬೇಕು.

2. ಕೆರೆಯ ಅಡ್ಡಕ್ಕೆ ಹಗ್ಗ ಎಳೆದು, ಅದಕ್ಕೆ ಮುಚ್ಚಳ ಹಾಕಿದ ಖಾಲಿ ಬಾಟಲಿ ಸಾಲಾಗಿ ಕಟ್ಟಿ. ಬಾಟಲಿಯ ಕೆಳಗೆ ಒಂದು ಅಡಿ ಇಳಿಯುವ ಹಾಗೆ ಹಳೆಯ ಶೇಡ್‌ನೆಟ್ ಹೊಲಿಯಿರಿ. ಎರಡು ಬದಿಯಿಂದ ಇಬ್ಬರು ಹಗ್ಗ ಹಿಡಿದು ನಡೆದರೆ ತೇಲುವ ಕಳೆ ಪೂರ್ತಿ ಒಂದು ದಂಡೆಗೆ ಬರುತ್ತದೆ. ಗಾಳಿ ಬೀಸುವ ದಿಕ್ಕಿಗೇ ಎಳೆಯಿರಿ, ಅರ್ಧ ಕೆಲಸ ಗಾಳಿ ಮಾಡುತ್ತದೆ.

3. ದಂಡೆಗೆ ಬಂದದ್ದನ್ನು ದೋಟಿಯ ತುದಿಗೆ ಕಟ್ಟಿದ ಕೊಕ್ಕೆಯಿಂದ ಎಳೆದು, ಬುಟ್ಟಿಗೆ ತುಂಬಿ. ಸಾಲ್ವಿನಿಯಾಕ್ಕೆ ಕೊಕ್ಕೆ ಬೇಡ, ಅದು ತುಂಡಾಗುತ್ತದೆ. ಬಲೆಯಿಂದಲೇ ಮೊಗೆಯಿರಿ.

4. ಹತ್ತಿಪ್ಪತ್ತು ಅಡಿಯಂತೆ ಭಾಗ ಮಾಡಿ, ಒಂದು ಭಾಗ ಪೂರ್ತಿ ಮುಗಿಸಿ ಮುಂದಕ್ಕೆ ಹೋಗಿ. ಮುಗಿದ ಭಾಗದ ಗಡಿಗೆ ಹಗ್ಗ ಕಟ್ಟಿದರೆ ಮತ್ತೆ ತೇಲಿ ಬರುವುದಿಲ್ಲ.

5. ಹೈಡ್ರಿಲ್ಲಾ, ಕಬೊಂಬಾ ಇದ್ದರೆ ಉದ್ದ ಹಿಡಿಯ ಪಂಜದಿಂದ ಬುಡಸಮೇತ ಎಳೆಯಿರಿ, ಮಧ್ಯದಲ್ಲಿ ಕೊಯ್ಯಬೇಡಿ. ಕೊಯ್ದ ಒಂದೊಂದು ತುಂಡೂ ಒಂದು ಗಿಡ.

ನಿಜವಾದ ಕೆಲಸ ಇದರ ನಂತರದ್ದು. 10 ಸೆಂಟ್ಸ್ ಕೆರೆಯಲ್ಲಿ ಒಂದು ಚದರ ಮೀಟರಿನಷ್ಟು ಕಳೆ ಬಿಟ್ಟರೆ, ಒಂಬತ್ತು ಸಲ ಇಮ್ಮಡಿಯಾದಾಗ ಕೆರೆ ಮತ್ತೆ ಪೂರ್ತಿ ಮುಚ್ಚುತ್ತದೆ. ವಾರಕ್ಕೊಮ್ಮೆ ಇಮ್ಮಡಿಯಾಗುವ ಸಾಲ್ವಿನಿಯಾಕ್ಕೆ ಎರಡು ತಿಂಗಳು ಸಾಕು. ಆದ್ದರಿಂದ ಮುಂದಿನ ಎರಡು ತಿಂಗಳು ವಾರಕ್ಕೊಮ್ಮೆ ಯಾರಾದರೊಬ್ಬರು ದಂಡೆ ಸುತ್ತಿ, ಜೊಂಡಿನ ಬುಡ, ಕಲ್ಲಿನ ಸಂದು ನೋಡಿ ಉಳಿದದ್ದನ್ನು ಹೆಕ್ಕಬೇಕು. ಅರ್ಧ ಗಂಟೆಯ ಕೆಲಸ. ದೊಡ್ಡ ಶ್ರಮದಾನ ಮಾಡಿ, ಗಂಜಿ ಉಂಡು, ಫೋಟೋ ಹಾಕಿ, ಈ ಅರ್ಧ ಗಂಟೆಯನ್ನು ಬಿಟ್ಟ ಕೆರೆಗಳು ಎಲ್ಲ ಊರಲ್ಲೂ ಇವೆ, ಅಲ್ವಾ?

ತೆಗೆದ ಕಳೆಯನ್ನು ದಂಡೆಯ ಮೇಲೆ ಬಿಟ್ಟರೆ ಮೊದಲ ಮಳೆಗೆ ಅದರ ಸಾರ ಮತ್ತೆ ಕೆರೆಗೇ. ಇಳಿಜಾರು ಹೊರಗಿರುವ ಜಾಗದಲ್ಲಿ ಎರಡು ಮೂರು ದಿನ ಬಾಡಿಸಿ, ತೆಂಗಿನ ಬುಡಕ್ಕೆ ಮುಚ್ಚಿಗೆ ಹಾಕಬಹುದು. ಗೊಬ್ಬರ ಮಾಡುವುದಾದರೆ ಒಂದು ಪದರ ಕಳೆ, ಒಂದು ಪದರ ತರಗೆಲೆ, ಮೇಲೆ ಸೆಗಣಿ ನೀರು. ರಾಶಿ ಒಳಗೆ ಚೆನ್ನಾಗಿ ಬಿಸಿಯಾಗಬೇಕು. ಶೌಚದ ನೀರೋ ಅಂಗಡಿ, ಗ್ಯಾರೇಜಿನ ನೀರೋ ಬರುವ ಕೆರೆಯ ಕುಳವಾಳವನ್ನು ತರಕಾರಿಗೆ ಹಾಕಬೇಡಿ. ಅದು ನೀರಿನಲ್ಲಿರುವ ಭಾರ ಲೋಹಗಳನ್ನು ಹೀರಿ ಇಟ್ಟುಕೊಳ್ಳುತ್ತದೆ.

ಮದ್ದು ಸಿಂಪಡಿಸಿದರೆ?

ಬೇಡ. ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ಕೇರಳ 2019ರಲ್ಲಿ ನಿಷೇಧಿಸಿತು. ಕಾನೂನು ಬದಿಗಿಟ್ಟರೂ ಲೆಕ್ಕ ಸರಿಹೋಗುವುದಿಲ್ಲ. ಸತ್ತ ಕಳೆ ಮುಳುಗಿ ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗಿ ಮೀನು ಸಾಯುತ್ತದೆ, ಕೊಳೆತದ್ದು ಹೂಳಾಗಿ ಮುಂದಿನ ಕಳೆಗೆ ಗೊಬ್ಬರವಾಗುತ್ತದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಎರಡು ದಶಕಕ್ಕೂ ಮೀರಿ ಕಂಡ, ಅದರ ನೋವು ಇನ್ನೂ ಉಣ್ಣುತ್ತಿರುವ ಜಿಲ್ಲೆ ನಮ್ಮದು. ಕುಡಿಯುವ ಬಾವಿಯ ಪಕ್ಕದ ಕೆರೆಗೆ ವಿಷ ಬಿಡುವ ಮಾತು ಇಲ್ಲಿ ಯಾರೂ ಆಡಬಾರದು.

ಹುಳದಿಂದ ಹತೋಟಿ ಮಾಡುವ ದಾರಿ ಇದೆ. ಕುಳವಾಳಕ್ಕೆ ಒಂದು, ಸಾಲ್ವಿನಿಯಾಕ್ಕೆ ಇನ್ನೊಂದು ಮೂತಿಹುಳವನ್ನು 1980ರ ದಶಕದಲ್ಲಿ ಭಾರತಕ್ಕೆ ತಂದು ಬಿಟ್ಟರು. ಕೇರಳದಲ್ಲಿ ಸಾಲ್ವಿನಿಯಾ ಇಳಿದದ್ದರಲ್ಲಿ ಅದರ ಪಾಲು ದೊಡ್ಡದು. ಆದರೆ ಹುಳಕ್ಕೆ ವರ್ಷಗಳ ಸಮಯ ಬೇಕು, ವರ್ಷವಿಡೀ ತಿನ್ನಲು ಕಳೆಯೂ ಬೇಕು. ಮನೆ ಮಧ್ಯದ ಸಣ್ಣ ಕೆರೆಗೆ ಕೈಯೇ ಒಳ್ಳೆಯದು. ಹೈಡ್ರಿಲ್ಲಾ ಜಾಸ್ತಿಯಿದ್ದರೆ ಹುಲ್ಲುಗೆಂಡೆ ಮೀನು, ಗ್ರಾಸ್ ಕಾರ್ಪ್, ಬಿಡಬಹುದು. ಅದು ನೀರೊಳಗಿನ ಮೆತ್ತನೆಯ ಕಳೆ ತಿನ್ನುತ್ತದೆ, ಕುಳವಾಳ ಮುಟ್ಟುವುದಿಲ್ಲ, ನಿಂತ ನೀರಿನಲ್ಲಿ ಮರಿಯನ್ನೂ ಮಾಡುವುದಿಲ್ಲ. ಮಳೆಗಾಲದಲ್ಲಿ ಕೋಡಿ ದಾಟದ ಹಾಗೆ ಒಳಬಲೆ ಬೇಕು. ಆಫ್ರಿಕನ್ ಮುಷಿ, ಅಂದರೆ ಕ್ಯಾಟ್‌ಫಿಶ್, ಬಿಡಬೇಡಿ, ಅದಕ್ಕೆ ನಿಷೇಧವಿದೆ, ಇರುವ ಮೀನನ್ನೆಲ್ಲ ತಿಂದು ಮುಗಿಸುತ್ತದೆ.

ಕಳೆಗೆ ಊಟ ಹಾಕುವವರು ನಾವೇ

ಪ್ರತಿ ವರ್ಷ ಕಳೆ ತೆಗೆದರೂ ಮತ್ತೆ ಅಷ್ಟೇ ಬರುತ್ತಿದ್ದರೆ, ಕೆರೆಗೆ ಏನು ಹರಿದು ಬರುತ್ತಿದೆ ಅಂತ ಒಂದು ಮಳೆಯ ದಿನ ಕೊಡೆ ಹಿಡಿದು ನೋಡಿ. ಹಟ್ಟಿ ತೊಳೆದ ನೀರು, ಬಚ್ಚಲ ನೀರು, ರಬ್ಬರ್ ಶೀಟ್ ಮಾಡಿದ ನೀರು, ದಂಡೆಯ ಪಕ್ಕದ ಗೊಬ್ಬರದ ರಾಶಿ, ಸೋರುವ ಶೌಚಗುಂಡಿ. ಇದರಲ್ಲಿ ಒಂದಾದರೂ ಸಿಗುತ್ತದೆ. ಹಟ್ಟಿಯ ನೀರನ್ನು ಬಾಳೆಯ ಬುಡಕ್ಕೆ ತಿರುಗಿಸಿ. ಬಚ್ಚಲ ನೀರಿಗೆ ಇಂಗುಗುಂಡಿ. ಅಡಿಕೆಗೆ ಗೊಬ್ಬರ ಹಾಕುವಾಗ ಕೆರೆ ಬದಿಯ ಎರಡು ಸಾಲಿಗೆ ಜೋರು ಮಳೆ ಕಳೆದ ಮೇಲೆ ಹಾಕಿ.

ಇನ್ನೊಂದು ವಿಷಯ ಕಳೆಗೆ ಸಂಬಂಧಿಸಿದ್ದಲ್ಲ, ಆದರೂ ಇಲ್ಲೇ ಹೇಳಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಟ್ಟ ಮೇಲೆ ಡ್ರಮ್ಮು, ಪೈಪು, ಸ್ಪ್ರೇಯರನ್ನು ಕೆರೆಯಲ್ಲಿ ತೊಳೆಯಬೇಡಿ. ಮೈಲುತುತ್ತಿನ ತಾಮ್ರ ಮೀನಿಗೆ ವಿಷ.

ನೀರಿಗಿಳಿಯುವವರು

ಕೈಕಾಲಿನಲ್ಲಿ ಗಾಯ ಇದ್ದವರು ಇಳಿಯಬಾರದು. ಕೆಸರು ನೀರಿನ ಕೆಲಸಕ್ಕೆ ಇಲಿಜ್ವರದ ಅಪಾಯ ಇದೆ. ಮುನ್ನೆಚ್ಚರಿಕೆಯ ಮಾತ್ರೆ ಬೇಕೇ ಅಂತ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಮೊದಲೇ ಕೇಳಿ. ಬೇಸಿಗೆಯ ಬಿಸಿ ನಿಂತ ನೀರಿನಲ್ಲಿ ಮುಳುಗು ಹಾಕಬೇಡಿ. ಮೆದುಳಿಗೆ ತಗಲುವ ಅಮೀಬಾ ಮೂಗಿನ ಮೂಲಕ ಒಳಹೋಗುತ್ತದೆ, ಕೇರಳದಲ್ಲಿ ಇತ್ತೀಚಿನ ವರ್ಷಗಳಲ್ಲಿ ಅದರ ಪ್ರಕರಣಗಳು ಜಾಸ್ತಿ ವರದಿಯಾಗಿವೆ. ಕಳೆಯ ಬೇರಿನ ಮಧ್ಯೆ ನೀರೊಳ್ಳೆ, ಕೆಸರಲ್ಲಿ ಒಡೆದ ಬಾಟಲಿ ಇರುತ್ತವೆ, ಗಂಬೂಟು ಹಾಕಿ. ಎದೆಮಟ್ಟ ನೀರಿದ್ದರೆ ಸೊಂಟಕ್ಕೆ ಹಗ್ಗ, ದಂಡೆಯಲ್ಲಿ ಒಬ್ಬರು. ಜನ ನೀರಲ್ಲಿ ಇರುವಾಗ ಪಂಪಿನ ಫ್ಯೂಸ್ ತೆಗೆದಿಡಿ.

ಹೂಳು

ಕೆರೆಯ ಕೆಸರು ಕೆಲವು ವರ್ಷಕ್ಕೊಮ್ಮೆ ಏಪ್ರಿಲ್ ಕೊನೆಯಲ್ಲಿ ತೆಗೆದರೆ ಸಾಕು. ಕೋಲು ಚುಚ್ಚಿ ಎಷ್ಟು ದಪ್ಪ ಇದೆ ನೋಡಿ, ಒಂದು ಅಡಿ ದಾಟಿದ್ದರೆ ತೆಗೆಯುವ ಸಮಯ. ಮೇಲಿನ ಕಪ್ಪು ಕೆಸರು ತೆಗೆದಾಗ ಹೈಡ್ರಿಲ್ಲಾದ ಗೆಡ್ಡೆ, ಕುಳವಾಳದ ಬೀಜ ಎರಡೂ ಹೋಗುತ್ತವೆ. ಅಡಿಕೆ ತೋಟಕ್ಕೆ ಅದು ಬಂಗಾರ. ಕುಳವಾಳ ಇದ್ದ ಕೆರೆಯದ್ದಾದರೆ ನೀರು ನಿಲ್ಲುವ ಕಣಿಯ ಹತ್ತಿರ ಮಾತ್ರ ಹಾಕಬೇಡಿ.

ಜೆಸಿಬಿಯವರಿಗೆ ಸ್ಪಷ್ಟವಾಗಿ ಹೇಳಿ: ಕಪ್ಪು ಕೆಸರು ಮುಗಿದಲ್ಲಿಗೆ ನಿಲ್ಲಿಸಬೇಕು. ‘ಇನ್ನು ಎರಡು ಅಡಿ ಇಳಿಸಿದರೆ ನೀರು ಜಾಸ್ತಿ’ ಅಂತ ಅವರೇ ಆಸೆ ಹುಟ್ಟಿಸುತ್ತಾರೆ. ತಳದಲ್ಲಿ ವರ್ಷಾನುಗಟ್ಟಲೆ ಕೂತ ಜಿಗುಟು ಮಣ್ಣಿನ ಪದರವೇ ಮುರಕಲ್ಲಿನ ನೆಲದಲ್ಲಿ ನೀರು ಹಿಡಿದಿಡುವುದು. ಅದು ತೂತಾದರೆ ಕೆರೆ ತುಂಬಿದ್ದು ವಾರದಲ್ಲಿ ಇಳಿಯುತ್ತದೆ, ಮತ್ತೆ ಜೇಡಿ ತಂದು ತುಳಿಸಿ ಮುಚ್ಚುವ ಖರ್ಚು ಹೂಳೆತ್ತಿದ್ದಕ್ಕಿಂತ ದೊಡ್ಡದು. ದಂಡೆಯ ಬುಡವನ್ನೂ ಕೆರೆಯಬಾರದು, ಎರಡು ಮೂರು ಅಡಿ ಬಿಟ್ಟು ಇಳಿಜಾರಾಗಿ ತೆಗೆಯಲಿ.

ನೀರು ಬರುವ ಕಣಿ ಕೆರೆ ಸೇರುವ ಮುಂಚೆ ಐದಡಿ ಉದ್ದ, ನಾಲ್ಕಡಿ ಅಗಲ, ಮೂರಡಿ ಆಳದ ಹೂಳುಗುಂಡಿ ತೋಡಿ. ಗುಡ್ಡದ ಕೆಂಪು ಮಣ್ಣು ಹೆಚ್ಚಿನದೂ ಅಲ್ಲೇ ಕೂರುತ್ತದೆ. ಜೂನಿನ ಮೊದಲ ಜೋರು ಮಳೆ ಕಳೆದ ಮರುದಿನ ಅದನ್ನು ಒಮ್ಮೆ ಖಾಲಿ ಮಾಡಿ, ವರ್ಷದ ಮಣ್ಣಿನಲ್ಲಿ ದೊಡ್ಡ ಪಾಲು ಆ ಮೊದಲ ಮಳೆಗಳಲ್ಲೇ ಬರುವುದು. ಅದೇ ದಿನ ಕೋಡಿಯ ಬಾಯಿಯನ್ನೂ ನೋಡಿ ಬನ್ನಿ.